ಹೊಸ ಬ್ಯಾಟರಿ ಹಾಕಿದರೂ ಲೋ ವೋಲ್ಟ್ ದೀಪ ಹತ್ತುವುದು ಯಾಕೆ?

ಪ್ರಶ್ನೆ: ಸಾರ್, ನಮ್ಮ ಸಣ್ಣ ವಿಮಾನ ಸೆಸ್ನಾ 172ರಲ್ಲಿ ಹಾರುವಾಗ ಆಗಾಗ ಲೋ ವೋಲ್ಟ್ ದೀಪ ಹತ್ತುತ್ತದೆ. ಹೊಸ ಬ್ಯಾಟರಿ ಹಾಕಿಸಿದೆವು. ಎರಡು ವಾರ ಸರಿ ಇತ್ತು, ಈಗ ಮತ್ತೆ ಅದೇ ಕಥೆ. ಬ್ಯಾಟರಿ ಡೂಪ್ಲಿಕೇಟ್ ಇರಬಹುದಾ?

ಬ್ಯಾಟರಿ ಅಸಲಿಯೇ. ಪಾಪ, ಅದನ್ನು ಬಿಟ್ಟುಬಿಡಿ. ಈ ಮಳೆಗಾಲದಲ್ಲಿ ಇದೇ ಪ್ರಶ್ನೆ ನನಗೆ ನಾಲ್ಕನೇ ಸಲ ಬರುತ್ತಿದೆ. ಮುಂಬಯಿಯ ಜುಹು ವಿಮಾನ ನಿಲ್ದಾಣದಿಂದ ಎರಡು, ಬಾರಾಮತಿ ಕಡೆಯಿಂದ ಎರಡು. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

"ದೀಪ ಹತ್ತಿತು ಅಂದರೆ ಬ್ಯಾಟರಿ ಹೋಯಿತು" ಎನ್ನುವ ನಂಬಿಕೆ ಎಲ್ಲಿಂದ ಬಂತು ಗೊತ್ತಾ? ಕಾರಿನಿಂದ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಹತ್ತುವ ಆ ಕೆಂಪು ದೀಪದ ಮೇಲೆ ಬ್ಯಾಟರಿಯ ಚಿತ್ರ ಬರೆದಿಟ್ಟಿದ್ದಾರೆ. ಅದರ ಅರ್ಥ ಚಾರ್ಜ್ ಆಗುತ್ತಿಲ್ಲ ಅಂತ. ಆದರೆ ಚಿತ್ರ ನೋಡಿದವರು ಬ್ಯಾಟರಿಯನ್ನೇ ಬೈಯುತ್ತಾರೆ. ಅದೇ ಅಭ್ಯಾಸ ವಿಮಾನಕ್ಕೂ ಹತ್ತಿಕೊಂಡು ಬಂದಿದೆ.

ನಿಮ್ಮ 172ರ ದೀಪ ಹೇಳುವುದು ಒಂದೇ ಮಾತು: ಬಸ್ಸಿನ (ಎಲ್ಲ ಉಪಕರಣಕ್ಕೂ ಕರೆಂಟ್ ಹಂಚುವ ಲೋಹದ ಪಟ್ಟಿ) ವೋಲ್ಟೇಜ್ 24.5ಕ್ಕಿಂತ ಕೆಳಗೆ ಬಂದಿದೆ. ಬ್ಯಾಟರಿ 24 ವೋಲ್ಟಿನದು. ಎಂಜಿನ್ನಿನಿಂದ ತಿರುಗಿ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಬಸ್ ಸುಮಾರು 28ರಲ್ಲಿ ನಿಲ್ಲಬೇಕು. 24.5ಕ್ಕಿಂತ ಇಳಿಯಿತು ಅಂದರೆ ಆಲ್ಟರ್ನೇಟರ್ ಕೈ ಬಿಟ್ಟಿದೆ, ರೇಡಿಯೋ, ಲೈಟು, ಟ್ರಾನ್ಸ್‌ಪಾಂಡರ್ ಎಲ್ಲವನ್ನೂ ಬ್ಯಾಟರಿ ಒಂದೇ ಎಳೆಯುತ್ತಿದೆ ಅಂತ. ಮನೆಯಲ್ಲಿ ದುಡಿಯುತ್ತಿರುವ ಒಬ್ಬನನ್ನೇ ಹಿಡಿದು ಹೊರಗೆ ಹಾಕಿದಂತಾಯಿತು ನಿಮ್ಮ ಕೆಲಸ.

ಮುಂಬಯಿಯಲ್ಲಿ ಇರುವವರಿಗೆ ಇನ್ನೂ ಸುಲಭವಾಗಿ ಹೇಳಬಹುದು. ಸೊಸೈಟಿಯ ಟೆರೇಸಿನ ಮೇಲೆ ಟಾಂಕಿ, ಕೆಳಗೆ ಪಂಪು. ನಲ್ಲಿಯಲ್ಲಿ ನೀರು ಬರಲಿಲ್ಲ ಅಂತ ಟಾಂಕಿ ಬದಲಿಸಿ, ತುಂಬಿದ ಹೊಸ ಟಾಂಕಿ ಕೂರಿಸಿದರೆ ಆವತ್ತು ನೀರು ಬಂದೇ ಬರುತ್ತದೆ. ಎಲ್ಲರೂ ಸ್ನಾನ ಮಾಡಿ ಮುಗಿಸಿದ ಮೇಲೆ? ಪಂಪು ಓಡುತ್ತಿದೆಯಾ ಅಂತ ಒಬ್ಬರೂ ನೋಡಿಲ್ಲ ನೋಡಿ.

ಆದರೆ ಎರಡು ವಾರ ಸರಿ ಇತ್ತಲ್ಲ ಅನ್ನುತ್ತೀರಿ. ಎಲ್ಲರೂ ಅದನ್ನೇ ಹಿಡಿದುಕೊಂಡು ವಾದ ಮಾಡುತ್ತಾರೆ. 172ರಲ್ಲಿ ಬ್ಯಾಟರಿ ಇರುವುದು ಎಂಜಿನ್ ಕೋಣೆಯ ಹಿಂದಿನ ಗೋಡೆಗೆ ತಾಗಿ. ಅದನ್ನು ತೆಗೆಯಲು ಎಂಜಿನ್ನಿನ ಹೊರಮುಚ್ಚಳ, ಅಂದರೆ ಕೌಲಿಂಗ್, ಬಿಚ್ಚಬೇಕು. ಬಿಚ್ಚಿದವನ ಕೈ ಅಕ್ಕಪಕ್ಕದ ತಂತಿಗಳಿಗೆ ತಗಲುತ್ತದೆ. ಲೂಸ್ ಆಗಿದ್ದ ಒಂದು ಕನೆಕ್ಷನ್ ತಾನಾಗಿ ಕೂತುಕೊಳ್ಳುತ್ತದೆ. ಎಂಜಿನ್ ಅದುರಿ ಅದುರಿ ಮತ್ತೆ ಸಡಿಲವಾಗುವವರೆಗೆ ಎಲ್ಲರಿಗೂ ಖುಷಿ. ಅಷ್ಟರಲ್ಲಿ ನಾಲ್ಕಾರು ಸಲ ಬರಿದಾಗಿ, ಅರೆಬರೆ ಚಾರ್ಜಿನಲ್ಲೇ ನಿಂತು, ಹೊಸ ಬ್ಯಾಟರಿಯ ಪ್ಲೇಟುಗಳ ಮೇಲೂ ಸಲ್ಫೇಟ್ ಕಟ್ಟಿರುತ್ತದೆ. ಈಗ ಪರೀಕ್ಷೆಗೆ ಕೊಟ್ಟರೆ ಬ್ಯಾಟರಿ ನಿಜಕ್ಕೂ ಹಾಳಾಗಿದೆ ಅಂತಲೇ ಬರುತ್ತದೆ. "ನಾನು ಹೇಳಲಿಲ್ವಾ ಸಾರ್?" ಅಂತ ನನಗೇ ಪಾಠ!

ಹಾಗಾದರೆ ಎಲ್ಲಿ ನೋಡಬೇಕು? ಆಲ್ಟರ್ನೇಟರ್ ಸುಮ್ನೆ ತಿರುಗಿದರೆ ಕರೆಂಟ್ ಕೊಡುವುದಿಲ್ಲ. ಅದರ ಒಳಗಿನ ಸುರುಳಿಗೆ ಹೊರಗಿನಿಂದ ಸ್ವಲ್ಪ ಕರೆಂಟ್ ಕೊಟ್ಟು ಅಯಸ್ಕಾಂತ ಮಾಡಬೇಕು. ಇದನ್ನೇ ಫೀಲ್ಡ್ ಅನ್ನುವುದು. ಆ ಕರೆಂಟ್ ಬಸ್ಸಿನಿಂದ ಹೊರಟು ಬ್ರೇಕರ್ (ಕರೆಂಟ್ ಹೆಚ್ಚಾದರೆ ತಾನಾಗಿ ಕಡಿಯುವ ಗುಂಡಿ) ದಾಟಿ, ಮಾಸ್ಟರ್ ಸ್ವಿಚ್ಚಿನ ಎರಡು ಅರ್ಧಗಳಲ್ಲಿ ಆಲ್ಟರ್ನೇಟರಿನದಾದ ಆಲ್ಟ್ ಅರ್ಧ ದಾಟಿ, ವೋಲ್ಟೇಜನ್ನು ಹಿಡಿತದಲ್ಲಿಡುವ ಕಂಟ್ರೋಲ್ ಯೂನಿಟ್ ಹೊಕ್ಕು, ಕೊನೆಗೆ ಒಂದು ಸಣ್ಣ ತಂತಿಯಲ್ಲಿ ಆಲ್ಟರ್ನೇಟರಿಗೆ ಬರುತ್ತದೆ. ಈ ದಾರಿಯಲ್ಲಿ ಎಲ್ಲಿ ತುಂಡಾದರೂ ದೀಪ ಹತ್ತುತ್ತದೆ.

ಕಳೆದ ಜುಲೈಯಲ್ಲಿ ನೋಡಿದ್ದನ್ನು ಹೇಳುತ್ತೇನೆ. ಹೊರಗೆ ಧೋ ಅಂತ ಮಳೆ. ಎರಡು ಬ್ಯಾಟರಿ ಬದಲಾಗಿ ಬಂದ ವಿಮಾನ. ಎಂಜಿನ್ ನಿಂತಿದೆ, ಕೀ ಆಫ್, ಮಾಸ್ಟರಿನ ಎರಡೂ ಅರ್ಧ ಆನ್. ಮಲ್ಟಿಮೀಟರಿನ ಕೆಂಪು ಕಡ್ಡಿ ಆಲ್ಟರ್ನೇಟರಿನ ಫೀಲ್ಡ್ ತಿರುಪಿನ ಮೇಲೆ, ಕಪ್ಪು ಕಡ್ಡಿ ಎಂಜಿನ್ ಮೈಗೆ. ಇಲ್ಲಿ ಹೆಚ್ಚುಕಮ್ಮಿ ಬ್ಯಾಟರಿಯಷ್ಟೇ ವೋಲ್ಟ್ ಕಾಣಬೇಕು. 23.8 ಬಂತು. ಜೊತೆಗಿದ್ದ ಹುಡುಗ ನನ್ನ ಮುಖ ನೋಡಿದ, "ಸರಿ ಇದೆಯಲ್ಲ ಸಾರ್." ನಾನು ತಂತಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದೆ. 23.8, 11, 0, ಮತ್ತೆ 23.8. ಲಗ್ಗಿನ (ತಂತಿಯ ತುದಿಯ ಲೋಹದ ಕೊಂಡಿ) ಕುತ್ತಿಗೆಯಲ್ಲಿ ತಂತಿಯ ಎಳೆಗಳು ತುಂಡಾಗಿ, ಮೇಲಿನ ಪ್ಲಾಸ್ಟಿಕ್ ತೋಳು ಮಾತ್ರ ಹಿಡಿದುಕೊಂಡಿತ್ತು. ಹೊಸ ಲಗ್ ಕ್ರಿಂಪ್ ಮಾಡಿ, ಅದುರದ ಹಾಗೆ ತಂತಿ ಕಟ್ಟಿ, ಸಹಿ ಹಾಕಿದೆ. ಎರಡು ಬ್ಯಾಟರಿಯ ದುಡ್ಡಿನ ಮುಂದೆ ಆ ಲಗ್ಗಿನ ಬೆಲೆ ಹೇಳಲು ನನಗೇ ನಾಚಿಕೆ ಆಯಿತು.

ತಿರುಪಿನ ಹತ್ತಿರ ವೋಲ್ಟ್ ಗಟ್ಟಿಯಾಗಿ ಇದ್ದೂ ಚಾರ್ಜ್ ಆಗದಿದ್ದರೆ ಆಗ ಆಲ್ಟರ್ನೇಟರ್ ಬಿಚ್ಚಿ, ತಿರುಗುವ ಸುರುಳಿಗೆ ಕರೆಂಟ್ ದಾಟಿಸುವ ಬ್ರಷ್ ನೋಡಿ. ವೋಲ್ಟ್ ಕಮ್ಮಿ ಇದ್ದರೆ ಹಿಂದೆ ಹಿಂದೆ ನಡೆಯಿರಿ: ಕಂಟ್ರೋಲ್ ಯೂನಿಟ್, ಸ್ವಿಚ್, ಬ್ರೇಕರ್. ಹಳೆ ವಿಮಾನಗಳಲ್ಲಿ ಆಲ್ಟ್ ಸ್ವಿಚ್ಚೇ ಸವೆದು ಅಮೀಟರಿನ ಮುಳ್ಳು ಕುಣಿಯುವುದುಂಟು.

ಅರ್ತಿಂಗನ್ನೂ, ಅಂದರೆ ಕರೆಂಟ್ ಎಂಜಿನ್ ಮೈಯಿಂದ ಬ್ಯಾಟರಿಗೆ ಮರಳುವ ದಾರಿಯನ್ನೂ, ಮರೆಯಬೇಡಿ. ಮೀಟರ್ ಬೀಪ್ ಅಂದರೆ ಕನೆಕ್ಷನ್ ಸರಿ ಅಂತ ತಿಳಿಯುವವರು ಬಹಳ. ಸ್ಟಾರ್ಟರ್ 200 ಆಂಪಿಯರ್ ಎಳೆಯುತ್ತದೆ ಅಂತ ಇಟ್ಟುಕೊಳ್ಳಿ. ದಾರಿಯಲ್ಲಿ ಒಂದು ಓಮ್‌ನ ನೂರನೇ ಒಂದು ಪಾಲು ತಡೆ ಇದ್ದರೂ 2 ವೋಲ್ಟ್ ಅಲ್ಲೇ ಮಾಯ. ಅಷ್ಟು ಸಣ್ಣ ತಡೆ ಬೀಪಿಗೆ ಗೊತ್ತೇ ಆಗುವುದಿಲ್ಲ. ಸ್ಟಾರ್ಟರ್ ತಿರುಗುತ್ತಿರುವಾಗಲೇ ಬ್ಯಾಟರಿಯ ನೆಗೆಟಿವ್‌ನಿಂದ ಎಂಜಿನ್ ಮೈಗೆ ಎಷ್ಟು ವೋಲ್ಟ್ ಕಾಣುತ್ತದೆ ಅಂತ ಅಳೆಯಬೇಕು. ಜುಹುವಿನಲ್ಲಿ ಸಮುದ್ರ ಕೂಗಳತೆಯಲ್ಲಿದೆ. ಉಪ್ಪುಗಾಳಿಗೆ ಗೇಟಿನ ತಿರುಗಣಿ ಏನಾಗುತ್ತದೆ ಅಂತ ಮಲ್ಪೆ, ಕಾರವಾರದವರಿಗೆ ನಾನು ಹೇಳಬೇಕಾಗಿಲ್ಲ. ಅಲ್ಯೂಮಿನಿಯಂ ಮೇಲೆ ಸುಣ್ಣದಂಥ ಬಿಳಿ ಪುಡಿ ಕೂರುತ್ತದೆ. ಅದರಲ್ಲಿ ಕರೆಂಟ್ ಹರಿಯುವುದಿಲ್ಲ.

ಗಾಳಿಯಲ್ಲಿ ದೀಪ ಹತ್ತಿದರೆ? ಬ್ರೇಕರ್ ನೋಡಿ, ಆಲ್ಟ್ ಅರ್ಧವನ್ನು ಒಂದು ಸಲ ಆಫ್ ಮಾಡಿ ಆನ್ ಮಾಡಿ. ಹೋಗದಿದ್ದರೆ ಬೇಡದ್ದೆಲ್ಲ ಆರಿಸಿ ಇಳಿಯಿರಿ. ಬ್ರೇಕರನ್ನು ಮತ್ತೆ ಮತ್ತೆ ಒತ್ತಬೇಡಿ. ಸುಟ್ಟ ವಾಸನೆ ಬಂದರೆ ಒಂದು ಸಲವೂ ಬೇಡ.

ನೀವು ಕೇಳಲಿಲ್ಲ, ಆದರೆ ನಿಮ್ಮ ಮನೆಯವರು ಕೇಳಿರುತ್ತಾರೆ: ಬ್ಯಾಟರಿ ಪೂರ್ತಿ ಸತ್ತರೆ ಎಂಜಿನ್ ನಿಲ್ಲುತ್ತದಾ? ನಿಮ್ಮ ವಿಮಾನದಲ್ಲಿ ಇಲ್ಲ. ಕಿಡಿ ಕೊಡುವುದು ಮ್ಯಾಗ್ನೆಟೋ. ಅದರೊಳಗೆ ಅದರದೇ ಅಯಸ್ಕಾಂತ ಇದೆ, ಎಂಜಿನ್ ತಿರುಗುತ್ತಿದ್ದರೆ ಸಾಕು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಟಪಾಲು ತಂದು ಇದೇ ಜುಹುವಿನಲ್ಲಿ ಇಳಿಸಿದ ಪಸ್ ಮಾತ್ ವಿಮಾನದ ಕಿಡಿಯೂ ಮ್ಯಾಗ್ನೆಟೋದ್ದೇ. ಕಂಪ್ಯೂಟರ್ ನಡೆಸುವ ಎಂಜಿನ್‌ಗಳ ಲೆಕ್ಕ ಬೇರೆ. 2007ರಲ್ಲಿ ಜರ್ಮನಿಯ ಸ್ಪೇಯರ್‌ನಲ್ಲಿ ಅಂಥ ಎರಡು ಎಂಜಿನ್ನಿನ ಒಂದು ಡೈಮಂಡ್ ಡಿಎ-42 ವಿಮಾನ, ಬ್ಯಾಟರಿ ಬರಿದಾಗಿದ್ದರಿಂದ ಹೊರಗಿನ ಕರೆಂಟ್ ಕೊಟ್ಟು ಸ್ಟಾರ್ಟ್ ಮಾಡಿ ಹೊರಟಿತ್ತು. ಏರುವಾಗ ಚಕ್ರ ಮಡಚಿದ ಕೂಡಲೇ ವೋಲ್ಟೇಜ್ ಕುಸಿದು ಎರಡೂ ಎಂಜಿನ್ ನಿಂತವು.

ಮ್ಯಾಗ್ನೆಟೋದಲ್ಲಿ ಇನ್ನೊಂದು ವಿಷಯ ಇದೆ. ಅದರ ಸ್ವಿಚ್ ಮನೆಯ ಸ್ವಿಚ್ಚಿಗೆ ಉಲ್ಟಾ. ಆಫ್ ಮಾಡಿದಾಗ ಪಿ-ಲೀಡ್ ಎಂಬ ತಂತಿ ಮ್ಯಾಗ್ನೆಟೋವನ್ನು ಅರ್ತ್‌ಗೆ ಸೇರಿಸಿ ಕಿಡಿ ನಿಲ್ಲಿಸುತ್ತದೆ. ಆ ತಂತಿ ತುಂಡಾದರೆ ಕೀ ನಿಮ್ಮ ಜೇಬಿನಲ್ಲಿದ್ದರೂ ಮ್ಯಾಗ್ನೆಟೋ ಜೀವಂತ. ಹ್ಯಾಂಗರಿನಲ್ಲಿ ಯಾರೋ ಪ್ರೊಪೆಲ್ಲರನ್ನು ಕೈಯಿಂದ ಸ್ವಲ್ಪ ಸರಿಸಿದರೂ ಸಾಕು, ಒಂದು ಸಿಲಿಂಡರ್ ಹೊಡೆಯಬಹುದು. ಅದಕ್ಕೇ ಎಂಜಿನ್ ನಿಲ್ಲಿಸುವ ಮೊದಲು, ಐಡಲ್‌ನಲ್ಲಿ, ಕೀಯನ್ನು ಒಂದು ಕ್ಷಣ ಆಫ್‌ಗೆ ತಿರುಗಿಸಿ ನೋಡುವುದು. ಸದ್ದು ಕುಗ್ಗಬೇಕು. ಕುಗ್ಗದಿದ್ದರೆ ಇಂಧನ ಕಡಿಯುವ ಮಿಕ್ಸ್ಚರ್ ಗುಂಡಿ ಎಳೆದು ನಿಲ್ಲಿಸಿ, ಪ್ರೊಪೆಲ್ಲರಿಗೆ "ಮುಟ್ಟಬೇಡಿ" ಅಂತ ಒಂದು ಬೋರ್ಡ್ ನೇತುಹಾಕಿ, ಆಮೇಲೆ ನನಗೆ ಫೋನ್ ಮಾಡಿ. ಆ ಫೋನ್ ರಾತ್ರಿ ಹನ್ನೊಂದಕ್ಕೆ ಬಂದರೂ ಎತ್ತುತ್ತೇನೆ.