ಕಾಪಾಡುವ ಓಝೋನ್, ಆಪ್‌ನಲ್ಲಿ ಮಾಲಿನ್ಯ ಯಾಕೆ?

ಓದುಗರ ಪ್ರಶ್ನೆ: ಓಝೋನ್ ಪದರ ನಮ್ಮನ್ನು ಕಾಪಾಡುತ್ತದೆ ಅಂತ ಶಾಲೆಯಲ್ಲಿ ಓದಿದ್ದೆ. ಈಗ ಮೊಬೈಲಿನಲ್ಲಿ ಏರ್ ಕ್ವಾಲಿಟಿ ಆಪ್ ತೆರೆದರೆ ಪಿಎಂ 2.5ರ (ಗಾಳಿಯ ಅತಿ ಸಣ್ಣ ಕಣಗಳ) ಪಕ್ಕದಲ್ಲೇ ಓಝೋನ್ ಕೂಡ ಮಾಲಿನ್ಯ ಅಂತ ಕೂತಿದೆ. ಇದು ಅದೇನಾ, ಬೇರೆಯಾ?

ಅದೇ. ಆಮ್ಲಜನಕದ ಮೂರು ಪರಮಾಣು ಕೂಡಿದ ಅದೇ ಅನಿಲ. ಭೂಮಿಯ ಓಝೋನಿನಲ್ಲಿ ಶೇ 90ರಷ್ಟು ಇರುವುದು ಸುಮಾರು 10ರಿಂದ 50 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿ ಅದು ಬಿಸಿಲಿನ ನೇರಳಾತೀತ ಕಿರಣಗಳನ್ನು ಹೀರಿಕೊಳ್ಳುತ್ತದೆ, ಉಸಿರಾಡುವವರು ಯಾರೂ ಇಲ್ಲ. ನಮ್ಮ ಮೂಗಿನ ಮಟ್ಟಕ್ಕೆ ಬಂದರೆ ಗಂಟಲು ಕೆರೆಯುತ್ತದೆ, ಕೆಮ್ಮು ಬರುತ್ತದೆ, ಅಸ್ತಮಾ ಇದ್ದವರಿಗೆ ಉಬ್ಬಸ ಜಾಸ್ತಿಯಾಗುತ್ತದೆ. ಹಾಗಾದರೆ ಕೆಳಗಿನದನ್ನು ಮೇಲಕ್ಕೆ ಕಳಿಸಿದರೆ ಆಯ್ತಲ್ವಾ? ಆಗುವುದಿಲ್ಲ. ಎಲೆ, ಮಣ್ಣು, ಬೇರೆ ಅನಿಲ, ಹೀಗೆ ಸಿಕ್ಕಿದ್ದಕ್ಕೆಲ್ಲ ತಗಲಿ ಅದು ದಾರಿಯಲ್ಲೇ ಮುಗಿದುಹೋಗುತ್ತದೆ.

ನನಗೆ ಇದರಲ್ಲಿ ಮಜಾ ಅನಿಸುವ ಸಂಗತಿ ಬೇರೆ. ಕೆಳಗಿನ ಓಝೋನನ್ನು ಹೆಚ್ಚುಕಮ್ಮಿ ಯಾರೂ ಬಿಡುವುದಿಲ್ಲ. ಸೈಲೆನ್ಸರ್‌ನಿಂದಲೂ ಬರುವುದಿಲ್ಲ, ಚಿಮಣಿಯಿಂದಲೂ ಬರುವುದಿಲ್ಲ. ಅದು ಗಾಳಿಯಲ್ಲೇ, ಬಿಸಿಲಿನಲ್ಲೇ ತಯಾರಾಗುತ್ತದೆ.

ಇದು ಗೊತ್ತಾಗಿದ್ದು ಲಾಸ್ ಏಂಜಲೀಸ್‌ನಲ್ಲಿ. 1943ರ ಜುಲೈನಲ್ಲಿ ಊರಿಗೆ ಮಬ್ಬು ಕವಿದು ಜನರ ಕಣ್ಣು ಉರಿಯತೊಡಗಿತು. ಯುದ್ಧದ ಕಾಲ, ಶತ್ರುಗಳು ವಿಷಾನಿಲ ಬಿಟ್ಟರು ಅಂತ ಕೆಲವರು ಹೆದರಿದ್ದರು. ಅನಾನಸ್ ಹಣ್ಣಿನ ಪರಿಮಳದ ಮೇಲೆ ಕೆಲಸ ಮಾಡುತ್ತಿದ್ದ ರಸಾಯನಶಾಸ್ತ್ರಜ್ಞ ಹಾಗನ್-ಸ್ಮಿಟ್ ಆಮೇಲೆ ಆ ಮಬ್ಬುಗಾಳಿಯನ್ನೂ ತಣಿಸಿ, ಹಿಡಿದು ಪರೀಕ್ಷಿಸಿದರು. ಪೆಟ್ರೋಲ್ ಆವಿ ಮತ್ತು ನೈಟ್ರೋಜನ್ ಡೈಆಕ್ಸೈಡ್ ಮೇಲೆ ಬಿಸಿಲು ಬಿದ್ದರೆ ಓಝೋನ್ ಹುಟ್ಟುತ್ತದೆ ಅಂತ 1950ರ ದಶಕದ ಆರಂಭದಲ್ಲಿ ತೋರಿಸಿದರು. ಓಝೋನ್ ಅಳೆಯಲು ಬಳಸಿದ್ದು ಏನು ಗೊತ್ತಾ? ಬಗ್ಗಿಸಿಟ್ಟ ರಬ್ಬರ್ ಪಟ್ಟಿ. ಓಝೋನ್ ರಬ್ಬರನ್ನು ತಿನ್ನುತ್ತದೆ. ಬಿರುಕು ಎಷ್ಟು ನಿಮಿಷಕ್ಕೆ ಕಾಣಿಸಿತು ಅನ್ನುವುದೇ ಲೆಕ್ಕ.

ಒಳಗೆ ನಡೆಯುವುದು ಇಷ್ಟು. ಎಂಜಿನ್ನಿನ ಕಾವಿಗೆ ಗಾಳಿಯ ನೈಟ್ರೋಜನ್, ಆಮ್ಲಜನಕ ಕೂಡಿ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಅದು ಇನ್ನೊಂದು ಆಮ್ಲಜನಕ ಪರಮಾಣು ಸೇರಿಸಿಕೊಂಡರೆ ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್. ಬಿಸಿಲು ಆ ಪರಮಾಣುವನ್ನು ಮತ್ತೆ ಕಿತ್ತುಹಾಕುತ್ತದೆ. ಕಿತ್ತುಬಂದದ್ದು ಪಕ್ಕದ ಆಮ್ಲಜನಕಕ್ಕೆ ಅಂಟಿಕೊಂಡರೆ ಓಝೋನ್. ಆದರೆ ಉಳಿದ ನೈಟ್ರಿಕ್ ಆಕ್ಸೈಡ್ ಸುಮ್ನೆ ಕೂರುವುದಿಲ್ಲ, ಓಝೋನಿನಿಂದಲೇ ಒಂದು ಪರಮಾಣು ಕಸಿದುಕೊಳ್ಳುತ್ತದೆ. ಅಲ್ಲಿಗೆ ಕೊಟ್ಟಿದ್ದೂ ತಗೊಂಡಿದ್ದೂ ಸಮ. ಈ ಲೆಕ್ಕ ತಪ್ಪಿಸುವುದು ಪೆಟ್ರೋಲ್, ಪೇಂಟ್, ತಿನ್ನರ್ ಇವುಗಳ ಆವಿ. ಮರಗಳೂ ಇಂಥ ಆವಿ ಬಿಡುತ್ತವೆ, ಅದು ಅವುಗಳ ಸ್ವಭಾವ. ಈ ಆವಿಗಳು ಒಡೆಯುವಾಗ ಹುಟ್ಟುವ ತುಣುಕುಗಳು ನೈಟ್ರಿಕ್ ಆಕ್ಸೈಡಿಗೆ ಬೇಕಾದ ಆಮ್ಲಜನಕ ಕೊಟ್ಟುಬಿಡುತ್ತವೆ. ಓಝೋನ್ ಬಚಾವಾಗಿ ಗುಡ್ಡೆ ಬೀಳುತ್ತದೆ.

ಅದಕ್ಕೇ ಓಝೋನ್ ಏರುವುದು ಮಧ್ಯಾಹ್ನದ ಮೇಲೆ. ವಾಹನ ಕಿಕ್ಕಿರಿದ ಸರ್ಕಲ್ಲಿಗಿಂತ ಊರಾಚೆ, ಗಾಳಿ ಬೀಸುವ ದಿಕ್ಕಿನಲ್ಲಿ ಜಾಸ್ತಿ ಇರುವುದೂ ಉಂಟು, ಯಾಕೆಂದರೆ ಸರ್ಕಲ್ಲಿನಲ್ಲಿ ತಾಜಾ ನೈಟ್ರಿಕ್ ಆಕ್ಸೈಡ್ ಅದನ್ನು ತಿಂದುಹಾಕುತ್ತದೆ. ವಾರದ ಕೊನೆಗೆ ಲಾರಿ ಕಮ್ಮಿಯಾದಾಗ ಓಝೋನ್ ಏರಿದ ನಗರಗಳೂ ಇವೆ. ಒಂದು ಹೊಗೆ ಕಮ್ಮಿ ಮಾಡಿದರೆ ಎಲ್ಲಾ ಸರಿಹೋಗುತ್ತದೆ ಅನ್ನುವವರು ಇದನ್ನು ನೋಡಬೇಕು.

ಹಾಗಂತ ಕೆಳಗೆ ಓಝೋನ್ ಇರಲೇಬಾರದು ಅನ್ನುವ ಹಾಗೂ ಇಲ್ಲ. ಓಝೋನ್ ಮತ್ತು ನೀರಿನ ಆವಿಯಿಂದ ಬಿಸಿಲಿನಲ್ಲಿ ಹೈಡ್ರಾಕ್ಸಿಲ್ ಅನ್ನುವ ತುಣುಕು ಹುಟ್ಟುತ್ತದೆ. ಅದರ ಆಯುಸ್ಸು ಒಂದು ಸೆಕೆಂಡ್ ಇದ್ದರೆ ಹೆಚ್ಚು. ಅಷ್ಟರಲ್ಲೇ ಕಾರ್ಬನ್ ಮೊನಾಕ್ಸೈಡ್, ಮೀಥೇನ್ ಇವನ್ನೆಲ್ಲ ಗಾಳಿಯಿಂದ ತೊಳೆಯುವುದು ಅದೇ. ಮೇಲೆ ಹೇಳಿದ ಪೆಟ್ರೋಲ್ ಆವಿಯನ್ನು ಒಡೆದು ಓಝೋನ್ ಗುಡ್ಡೆ ಬೀಳಲು ದಾರಿ ಮಾಡುವುದೂ ಅದೇ, ಅಂದರೆ ಕೊಳೆಗೂ ಸಾಬೂನಿಗೂ ಒಂದೇ ಪಾತ್ರೆ.

ಆಪ್ ನೋಡುವಾಗ ಒಟ್ಟು ಅಂಕಿ ನೋಡಿ ಮುಚ್ಚಬೇಡಿ, ಆ ದಿನ ಎಲ್ಲಕ್ಕಿಂತ ಮುಂದಿರುವ ಮಾಲಿನ್ಯ ಯಾವುದು ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಓಝೋನ್ 8 ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 100 ಮೈಕ್ರೋಗ್ರಾಂ ದಾಟಬಾರದು. ಪಿಎಂ 2.5 ಮುಂದಿದ್ದರೆ ಎನ್ 95 ಮಾಸ್ಕ್ ಕೆಲಸಕ್ಕೆ ಬರುತ್ತದೆ. ಓಝೋನ್ ಕಣವಲ್ಲ, ಅನಿಲ, ಆ ಮಾಸ್ಕಿನ ಬಟ್ಟೆ ಅದನ್ನು ತಡೆಯುವುದಿಲ್ಲ. ಅಂಥ ದಿನ ಓಟ, ಸೈಕಲ್ಲು ಬೆಳಿಗ್ಗೆಯೇ ಮುಗಿಸಿ, ಮಧ್ಯಾಹ್ನ ಕಿಟಕಿ ಮುಚ್ಚಿಕೊಂಡು ಒಳಗಿರಿ. ಓಝೋನ್ ಬಿಟ್ಟು ಕೋಣೆಯ ಗಾಳಿ ಶುದ್ಧ ಮಾಡುತ್ತೇವೆ ಅನ್ನುವ ಯಂತ್ರಗಳನ್ನಂತೂ ಮನೆಗೆ ತರಬೇಡಿ.