ಇನ್ನೂರ ಹದಿನಾಲ್ಕು ಕೋಟಿ ಚಿಲ್ಲರೆ

2,14,74,83,647. ಇದು ಅವಿಭಾಜ್ಯ ಸಂಖ್ಯೆ. 1 ಮತ್ತು ಅದೇ ಸಂಖ್ಯೆಯನ್ನು ಬಿಟ್ಟು ಬೇರೆ ಯಾವುದರಿಂದ ಭಾಗಿಸಿದರೂ ಶೇಷ ಉಳಿಯುತ್ತದೆ. ಇವತ್ತು ಕಂಪ್ಯೂಟರಿಗೆ ಇದು ಕ್ಷಣದ ಕೆಲಸ. ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 1772ರಲ್ಲಿ ಇದನ್ನು ಸಾಧಿಸಿ ತೋರಿಸಿದಾಗ ಯಂತ್ರವಿರಲಿ, ಆತನಿಗೆ ಕಣ್ಣೂ ಹೆಚ್ಚುಕಮ್ಮಿ ಕಾಣುತ್ತಿರಲಿಲ್ಲ.

ಸುಮ್ನೆ ಒಂದೊಂದರಿಂದಲೇ ಭಾಗಿಸುತ್ತಾ ಹೋಗಬಹುದಿತ್ತು. ವರ್ಗಮೂಲದವರೆಗೆ, ಅಂದರೆ 46,340ರವರೆಗೆ ನೋಡಿದರೆ ಸಾಕು. ಎರಡು ತುಂಡಾಗುವ ಸಂಖ್ಯೆಯ ಚಿಕ್ಕ ತುಂಡು ಅದನ್ನು ದಾಟುವುದಿಲ್ಲ, ಅಲ್ವಾ? ಆದರೂ ಅಷ್ಟರೊಳಗೆ 4,792 ಅವಿಭಾಜ್ಯಗಳಿವೆ. ಅಷ್ಟೂ ಭಾಗಾಕಾರ ಕೈಯಲ್ಲೇ ಮಾಡುವುದು ಯಾರಿಗೆ ಬೇಕು!

ಆಯ್ಲರ್ ಈ ಸಂಖ್ಯೆಯ ಹುಟ್ಟನ್ನು ನೋಡಿದ. 31 ಎರಡುಗಳನ್ನು ಗುಣಿಸಿ 1 ಕಳೆದರೆ ಇದು ಬರುತ್ತದೆ. 31ರ ಬದಲು 11 ಎರಡುಗಳನ್ನು ತೆಗೆದುಕೊಳ್ಳಿ. ಆಗ ಬರುವುದು 2047. ಅದು 23 × 89 ಎಂದು ಒಡೆಯುತ್ತದೆ. 22ಕ್ಕೆ ಒಂದು ಸೇರಿಸಿದರೆ 23, 88ಕ್ಕೆ ಒಂದು ಸೇರಿಸಿದರೆ 89. ಎರಡೂ 22ರ ಮಗ್ಗಿಯ ಪಕ್ಕದ ಮನೆಯವು! 22 ಅಂದರೆ 11ರ ಎರಡರಷ್ಟು. 31ಕ್ಕೂ ಇದೇ ನಿಯಮ: ನಮ್ಮ ಸಂಖ್ಯೆಗೆ ಅವಿಭಾಜ್ಯ ಭಾಜಕ ಇದ್ದರೆ ಅದು 62ರ ಮಗ್ಗಿಗೆ ಒಂದು ಸೇರಿಸಿದಾಗಲೇ ಸಿಗಬೇಕು. ಜೊತೆಗೆ ಅದನ್ನು 8ರಿಂದ ಭಾಗಿಸಿದರೆ 1 ಅಥವಾ 7 ಉಳಿಯಬೇಕು. ಈ ಎರಡು ಜರಡಿ ಹಿಡಿದರೆ ಪ್ರತಿ 248 ಸಂಖ್ಯೆಗಳಲ್ಲಿ ಎರಡೇ ಉಳಿಯುತ್ತವೆ. ಮೊದಲನೆಯದು 63. ಅದೇ ಅವಿಭಾಜ್ಯವಲ್ಲ, ಬಿಡಿ. 249 ಕೂಡ ಹಾಗೇ, 3ರಿಂದ ಭಾಗವಾಗುತ್ತದೆ. ಮುಂದಿನದು 311. ಭಾಗಿಸಿದರೆ 35 ಉಳಿಯುತ್ತದೆ. ಹೀಗೆ ಇಡೀ ಪಟ್ಟಿ 400ನ್ನೂ ಮುಟ್ಟುವುದಿಲ್ಲ.

ಈ ಸಂಖ್ಯೆಯಿಂದ 19 ಅಂಕಿಗಳ ಒಂದು ಪರಿಪೂರ್ಣ ಸಂಖ್ಯೆ ಸಿಗುತ್ತದೆ. 6 = 1 + 2 + 3 ಇದ್ದ ಹಾಗೆ, ತನಗಿಂತ ಚಿಕ್ಕ ಭಾಜಕಗಳನ್ನೆಲ್ಲ ಕೂಡಿದರೆ ಮತ್ತೆ ತಾನೇ ಆಗುವಂಥದ್ದು. ಇದಕ್ಕಿಂತ ದೊಡ್ಡದನ್ನು ಯಾರೂ ಕಂಡುಹಿಡಿಯಲಾರರು, ಇವೆಲ್ಲ ಬರೀ ಕುತೂಹಲದ ವಸ್ತು, ಉಪಯೋಗವಿಲ್ಲ ಎಂದು ಇಂಗ್ಲೆಂಡಿನ ಗಣಿತಜ್ಞ ಪೀಟರ್ ಬಾರ್ಲೊ 1811ರಲ್ಲಿ ಬರೆದ. ಮೊದಲ ಮಾತು ಸುಳ್ಳಾಯಿತು. ಪರಿಪೂರ್ಣ ಸಂಖ್ಯೆಗಲ್ಲದಿದ್ದರೂ ಅದರ ಹಿಂದಿರುವ ನಮ್ಮ ಅವಿಭಾಜ್ಯಕ್ಕೆ ಉಪಯೋಗವೂ ಸಿಕ್ಕಿತು.

ಕಂಪ್ಯೂಟರಿನ 32 ಬಿಟ್ ಜಾಗದಲ್ಲಿ, ಅಂದರೆ 0 ಅಥವಾ 1 ಕೂರುವ 32 ಮನೆಗಳಲ್ಲಿ, ಒಂದನ್ನು + ಅಥವಾ − ಚಿಹ್ನೆಗೆ ಬಿಟ್ಟರೆ ಹಿಡಿಸುವ ಅತಿ ದೊಡ್ಡ ಸಂಖ್ಯೆ ನಮ್ಮ 2,14,74,83,647. ಸೆಕೆಂಡುಗಳನ್ನು ಎಣಿಸುತ್ತಾ ಹೋಗುವ ಹಳೆಯ ಕಂಪ್ಯೂಟರ್ ಗಡಿಯಾರಗಳು 2038ರ ಜನವರಿ 19ರಂದು ಎಡವುವುದೂ ಇಲ್ಲೇ. ಅಲ್ಲಿ ಅವಿಭಾಜ್ಯವಾಗಿರುವುದಕ್ಕೆ ಏನೂ ಕೆಲಸವಿಲ್ಲ. ಕೆಲಸವಿರುವುದು ಕಂಪ್ಯೂಟರಿನಿಂದ ಮನಸ್ಸಿಗೆ ಬಂದಂಥ ಅಂಕಿಗಳನ್ನು ಹೇಳಿಸುವಾಗ. 1ರಿಂದ ಶುರುಮಾಡಿ 16,807ರಿಂದ ಗುಣಿಸಿ. ನಮ್ಮ ಸಂಖ್ಯೆಯಿಂದ ಭಾಗಿಸಿ, ಶೇಷ ಇಟ್ಟುಕೊಂಡು ಮತ್ತೆ ಗುಣಿಸಿ. 16,807, ಆಮೇಲೆ 28,24,75,249, ಆಮೇಲೆ 1,62,26,50,073. ಹೀಗೆ 2,14,74,83,646 ಸಂಖ್ಯೆಗಳನ್ನೂ ಒಂದೊಂದು ಸಲ ಮುಟ್ಟಿಯೇ ಇದು 1ಕ್ಕೆ ವಾಪಸ್ ಬರುತ್ತದೆ.

ಇದೇ ಆಟವನ್ನು ಬೆರಳಲ್ಲೇ ಆಡಬಹುದು. 3ರಿಂದ ಗುಣಿಸಿ, 7ರಿಂದ ಭಾಗಿಸಿ: 1, 3, 2, 6, 4, 5, ಮತ್ತೆ 1. ಯಾವುದೂ ತಪ್ಪಲಿಲ್ಲ. 7 ತೆಗೆದು 8 ಇಡಿ: 1, 3, 1, 3. ಗುಣಿಸುವ ಸಂಖ್ಯೆ ಬದಲಿಸಿ ನೋಡಿ, 8 ಇರುವವರೆಗೂ ಪೂರ್ತಿ ಸುತ್ತು ಬರುವುದೇ ಇಲ್ಲ.