ಅಜ್ಜನ ರೈಫಲ್ಲೋ, ಹೊಸ ರೈಫಲ್ಲೋ

ಕೊಡವರು ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬ ಹತ್ತಿರವಾಯಿತೆಂದರೆ, ತೋಕ್‌ಪೂ ಎಂಬ ಕೋವಿಹೂ ಮುಡಿದು ಪೂಜೆಗೆ ಕೂರಬೇಕಾದ ಕೋವಿಗಳು ಅದಕ್ಕೂ ಮೊದಲು ಎಣ್ಣೆ ಕಾಣಲೆಂದು ಕೊಡಗಿನ ಕೋವಿ ದುರಸ್ತಿಗಾರರ ಮೇಜಿಗೆ ಬರುತ್ತವೆ. ಅವುಗಳ ಹಿಂದೆಯೇ ನನಗೆ ಎದುರಾಗುವ ಪ್ರಶ್ನೆಯೊಂದಿದೆ: ಅಜ್ಜ ಬೇಟೆಗೆ ಒಯ್ಯುತ್ತಿದ್ದ ರೈಫಲನ್ನೇ ಉಳಿಸಿಕೊಳ್ಳಬೇಕೇ, ಹೊಸದನ್ನು ಕೊಳ್ಳಬೇಕೇ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಕಾಲ ಮುಗಿಯಿತು. ಬೇಟೆಗೆಂದೇ ತಯಾರಾದ ರೈಫಲ್‌ಗೂ ಈಗ ಗುರಿ ಅಭ್ಯಾಸ, ಹಬ್ಬದ ಪಂದ್ಯ ಮತ್ತು ಪೂಜೆಯಷ್ಟೇ ಉಳಿದಿವೆ. ಆದರೂ ಪರವಾನಗಿದಾರರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಮೂರರಿಂದ ಎರಡಕ್ಕೆ ಇಳಿಸಿದ್ದರಿಂದ, ಆಯ್ಕೆ ಮಾಡಲೇಬೇಕಾದ ಮನೆಗಳು ಹೆಚ್ಚಾಗಿವೆ.

ನಾನು ಮೊದಲು ಕೇಳುವುದು ತೋಟಾದ ವಿಚಾರ. ಬೇಟೆಗಾರ ಜಿಮ್ ಕಾರ್ಬೆಟ್ ಅವರಿಗೆ ಚಂಪಾವತ್‌ನ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದ ಬಳಿಕ ಉಡುಗೊರೆಯಾಗಿ ಬಂದ ರಿಗ್ಬಿ ರೈಫಲ್ .275 ಬೋರಿನದು (ಬೋರ್ ಎಂದರೆ ಅಂಗುಲದಲ್ಲಿ ಹೇಳುವ ನಳಿಗೆಯ ಒಳ ಅಳತೆ); ಅದು 1892ರ ಜರ್ಮನ್ 7×57 ತೋಟಾದ ಇಂಗ್ಲಿಷ್ ಹೆಸರಷ್ಟೇ ಆದ್ದರಿಂದ ಹೊರದೇಶಗಳಲ್ಲಿ ಇಂದಿಗೂ ತಯಾರಾಗುತ್ತಿದೆ. ಅದೇ ಕಾಲದ .318 ವೆಸ್ಟ್ಲಿ ರಿಚರ್ಡ್ಸ್‌ಗೆ ಆ ಭಾಗ್ಯವಿಲ್ಲ, ಹುಡುಕಿದರೂ ತೋಟಾ ಸಿಗುವುದು ಅಪರೂಪ. ನಮ್ಮಲ್ಲಿ ಸುಲಭವಾಗಿ ದೊರೆಯುವುದು ಇಛಾಪುರದ ಕಾರ್ಖಾನೆಯಲ್ಲಿ ತಯಾರಾಗುವ .315 ರೈಫಲ್ ಮತ್ತು ಅದರ ತೋಟಾ. ನೋಡಲು ಒರಟಾಗಿದ್ದರೂ ಅದರ ಹೊಟ್ಟೆ ತುಂಬಿಸುವುದು ಕಷ್ಟವಲ್ಲ. ತೋಟಾ ಇಲ್ಲದ ರೈಫಲ್ ಎಷ್ಟೇ ಅಂದವಾಗಿದ್ದರೂ ಗೋಡೆಯ ಅಲಂಕಾರವೇ ಸರಿ, ಮತ್ತು ಅಲಂಕಾರಕ್ಕೂ ಪರವಾನಗಿಯ ಒಂದು ಸ್ಥಾನ ಖರ್ಚಾಗುತ್ತದೆ.

ಎರಡನೆಯದು ನಳಿಗೆ. ಹಳೆಯ ತೋಟಾಗಳ ತಳದಲ್ಲಿ ಕಿಡಿ ಹೊತ್ತಿಸುವ ಕ್ಯಾಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದಾಗ ಉಳಿಯುವ ಕ್ಲೋರೈಡ್ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ, ಹೊಡೆದ ದಿನವೇ ಬಿಸಿನೀರು ಹರಿಸಿ ತೊಳೆಯದ ನಳಿಗೆ ಕೊಡಗಿನ ಒಂದು ಮಳೆಗಾಲದೊಳಗೆ ಒಳಗಿನಿಂದ ತಿಂದುಹೋಗುತ್ತದೆ. ಹೊರಗಿನ ನೀಲಿ ಬಣ್ಣ ಕನ್ನಡಿಯಂತೆ ಹೊಳೆಯುತ್ತಿದ್ದರೂ ಒಳಗಿನ ಸುರುಳಿಗೆರೆಗಳು ಗುಳಿಬಿದ್ದಿರುವುದನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ. ತೋಟಾವನ್ನು ಒಳತಳ್ಳಿ ನಳಿಗೆಯ ಹಿಂಬದಿಯನ್ನು ಮುಚ್ಚುವ ಬೋಲ್ಟ್ ಮತ್ತು ನಳಿಗೆಯ ಮೇಲೆ ಕೊರೆದ ಸಂಖ್ಯೆಗಳು ಹೊಂದದಿದ್ದರೆ ತೋಟಾ ಕೂರುವ ಅಂತರವನ್ನು ಗೇಜಿನಿಂದ ಅಳೆಯದೆ ಒಂದು ಗುಂಡನ್ನೂ ಹಾರಿಸಬಾರದು.

ಇಷ್ಟಕ್ಕೂ ಹಳೆಯದೆಲ್ಲ ದುರ್ಬಲವೇ? 1898ರ ಮೌಸರ್ ಬೋಲ್ಟನ್ನು ನೋಡಿದವರು ಹಾಗೆನ್ನಲಾರರು. ತೋಟಾದ ಅಂಚನ್ನು ಹಿಡಿದೇ ಒಳಗೆ ಕೊಂಡೊಯ್ಯುವ ಅದರ ಅಗಲವಾದ ಉಕ್ಕಿನ ಉಗುರನ್ನು ಇಂದಿನ ದುಬಾರಿ ರೈಫಲ್‌ಗಳೂ ನಕಲು ಮಾಡುತ್ತವೆ. ವಿಂಚೆಸ್ಟರ್ ಕಂಪನಿಯು ಮಾಡೆಲ್ 70ರಲ್ಲಿ ಅದನ್ನು 1964ರಲ್ಲಿ ಕೈಬಿಟ್ಟಿದ್ದರಿಂದಲೇ, ಅಮೆರಿಕದ ಬೇಟೆಗಾರರು ಅದಕ್ಕೂ ಹಿಂದಿನ ರೈಫಲ್‌ಗಳಿಗೆ ಈಗಲೂ ಹೆಚ್ಚು ಬೆಲೆ ಕೊಡುತ್ತಾರೆ. ಹೊಸದರ ಮೇಲುಗೈ ಬೇರೆ ಕಡೆಯಿದೆ: ಸ್ಟೇನ್‌ಲೆಸ್ ನಳಿಗೆ ತುಕ್ಕಿಗೆ ಸುಲಭವಾಗಿ ಬಗ್ಗುವುದಿಲ್ಲ, ಸಿಂಥೆಟಿಕ್ ಹಿಡಿ ಮಳೆಗೆ ಉಬ್ಬುವುದಿಲ್ಲ. ವಾಲ್ನಟ್ ಮರ ತೇವ ಕುಡಿದು ನಳಿಗೆಯನ್ನು ಒತ್ತಿದರೆ, ಬೇಸಿಗೆಯಲ್ಲಿ ಹೊಂದಿಸಿದ ಗುರಿ ಆಷಾಢದಲ್ಲಿ ಪಕ್ಕಕ್ಕೆ ಸರಿದಿರುತ್ತದೆ.

ವರ್ಷವಿಡೀ ಅಭ್ಯಾಸ ಮಾಡುವವರು ಹೊಸದನ್ನೇ ಕೊಳ್ಳಲಿ. ನಳಿಗೆ ಶುದ್ಧವಾಗಿದ್ದು ತೋಟಾ ಸಿಗುವಂತಿದ್ದರೆ ಹಳೆಯದನ್ನು ಮಾರಬೇಡಿ, ಅದಕ್ಕೆ ದೂರದರ್ಶಕ ಕೂರಿಸಲೆಂದು ತೂತು ಕೊರೆಯಲೂ ಬೇಡಿ. ಆ ನಾಲ್ಕು ತೂತುಗಳನ್ನು ಮತ್ತೆ ಮುಚ್ಚಿ ಕೊಡಿರೆಂದು ಬಂದವರನ್ನು ನಾನು ಬರಿಗೈಯಲ್ಲಿ ಕಳುಹಿಸಿದ್ದೇನೆ.